ಎಲ್ಲಾ ಕೆಲಸ ಸೊಸೆಯ ಹೆಸರಿಗೆ

ನನ್ನ ಸೊಸೆ ಆಸ್ಪತ್ರೆಯಲ್ಲಿ ಹಿರಿಯ ನರ್ಸು. ಅಲ್ಲಿಯವರು ಬೆನ್ನ ಹಿಂದೆ ಅವಳನ್ನು ಮೆಣಸಿನಕಾಯಿ ಎನ್ನುತ್ತಾರೆ. ಬೇರೆಯವರು ಕಟ್ಟಿದ ಬ್ಯಾಂಡೇಜು ಬಿಚ್ಚಿ ತಾನೇ ಮತ್ತೆ ಕಟ್ಟುವ ಹೆಂಗಸು. ಮನೆಯಲ್ಲೂ ನಾನು ತೊಳೆದ ಲೋಟವನ್ನು ಇನ್ನೊಮ್ಮೆ ತೊಳೆಯುತ್ತಿದ್ದಳು. ಮೊದಮೊದಲು ಮೈ ಉರಿಯುತ್ತಿತ್ತು. ಈಗ ಲೋಟ ತೊಳೆಯುವುದನ್ನೇ ಬಿಟ್ಟಿದ್ದೇನೆ.

ಹೋದ ವರ್ಷ ಆಸ್ಪತ್ರೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ರಿಪೋರ್ಟು ಬಂದರೆ ರೋಗಿಗೆ ಫೋನ್ ಮಾಡುವುದು, ಹೊಲಿಗೆ ಬಿಚ್ಚುವ ದಿನ ನೆನಪಿಸುವುದು, ಇಂಥ ಒಂದೊಂದು ಕೆಲಸವೂ ಯಾರಾದರೊಬ್ಬರ ಹೆಸರಿನ ಕೆಳಗೆ ಬಂದು ಕೂರುತ್ತದೆ. ಮುಗಿಯಿತು ಎಂದು ಒತ್ತುವವರೆಗೂ ಏಳುವುದಿಲ್ಲ. ಯಾವ ಕೆಲಸ ಯಾರಿಗೆ ಎಂದು ಕಂಪ್ಯೂಟರಿನವನು ಕೇಳಿದಾಗ ಇವಳು, "ಎಲ್ಲಾ ನನ್ನ ಹೆಸರಿಗೇ ಹಾಕಪ್ಪ. ಇವ್ರು ಮಾಡಿದ್ದನ್ನ ಆಮೇಲೆ ನಾನೇ ತಾನೆ ಸರಿ ಮಾಡ್ಬೇಕು?" ಅಂದಳಂತೆ.

ರಜೆ ಹಾಕಿದರೆ ಯಾರು ನೋಡುತ್ತಾರೆ, ಎರಡನೆಯ ಹೆಸರು ಆಸ್ಪತ್ರೆ ನಡೆಸುವ ಡಾಕ್ಟರದ್ದು ಹಾಕಲೇ ಎಂದು ಅವನು ಕೇಳಿದ. ಊಟದ ಹೊತ್ತಿಗೆಲ್ಲ ತಮ್ಮ ಫೋನು ಕುಂಯ್‌ಗುಡುವುದು ಬೇಡ, ಈಕೆ ರಜೆ ಹಾಕಿದ ದಿನ ಸೂರ್ಯ ಪಶ್ಚಿಮದಲ್ಲಿ ಹುಟ್ಟುತ್ತಾನೆ ಎಂದು ಡಾಕ್ಟರು ನಕ್ಕರಂತೆ. ಇವಳಿಗೆ ಅದು ಹೊಗಳಿಕೆಯಾಗಿ ಕೇಳಿಸಿತು. ಮನೆಗೆ ಬಂದು ಹೇಳಿಕೊಂಡು ಉಬ್ಬಿದಳು.

ನನ್ನ ಕಣ್ಣಿನ ಪೊರೆ ತೆಗೆಸಲು ಅವಳು ರಜೆ ಹಾಕಿದಳು. ಅದೇ ವಾರ ನಮ್ಮ ಬೀದಿಯ ಟೈಲರಮ್ಮನ ರಿಪೋರ್ಟು ಬಂತು. ಆಕೆ ಹೃದಯಕ್ಕೆಂದು ರಕ್ತ ತೆಳುವಾಗಿಸುವ ಮಾತ್ರೆ ನುಂಗುವವಳು. ರಕ್ತ ಅತಿ ತೆಳುವಾಗಿದೆ, ಮಾತ್ರೆ ನಿಲ್ಲಿಸಿ ಎಂದು ಅವತ್ತೇ ಹೇಳಬೇಕಿತ್ತು. ಮೊದಲಾದರೆ ಕಾಗದ ಮೇಜಿನ ಮೇಲೆ ಬಿದ್ದಿರುತ್ತಿತ್ತು, ಹೋಗಿ ಬರುವವರ ಕಣ್ಣಿಗೆ ಬೀಳುತ್ತಿತ್ತು. ಈಗ ಅದು ನನ್ನ ಸೊಸೆಯ ಹೆಸರಿನ ಕೆಳಗೆ ಕೆಂಪಗೆ ಕೂತಿತ್ತು. ಬೇರೆ ಯಾರಿಗೂ ಕಾಣಲಿಲ್ಲ. ತಲೆಯೊಳಗೆ ರಕ್ತ ಸೋರಿ ಟೈಲರಮ್ಮ ಹೊಲಿಗೆ ಮಷೀನಿನ ಮೇಲೆಯೇ ಕುಸಿದಳು. ಜೀವ ಉಳಿಯಿತು. ಬಲಗೈ ಸೂಜಿ ಹಿಡಿಯುವುದಿಲ್ಲ.

ಡಾಕ್ಟರು ಒಂದು ಹಾಳೆ ತಯಾರು ಮಾಡಿಸಿದರು. ತಪ್ಪೆಲ್ಲ ನರ್ಸಿನದು ಎಂದಿತ್ತು ಅದರಲ್ಲಿ. ಸಹಿ ಹಾಕದಿದ್ದರೆ ನಾಳೆಯಿಂದ ಬರಬೇಡ ಎಂದರು. ಹಾಕಿಬಿಡು, ಸುಮ್ಮನೆ ರಗಳೆ ಯಾಕೆ ಅಂದ ನನ್ನ ಮಗ. ಆ ಮಾತಿಗೆ ಅವನ ಕೆನ್ನೆಗೆ ಬಿಗಿಯುತ್ತಿದ್ದೆ. ನನ್ನ ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಬಚಾವಾದ.

"ಹಾಕ್ಬೇಡ ಕಣೆ," ಅಂದೆ.

"ಅರ್ಧ ತಪ್ಪು ನಂದೇ ಅತ್ತೆ. ಜಂಬಕ್ಕೆ ಎಲ್ಲಾ ಮೈಮೇಲೆ ಎಳ್ಕೊಂಡೋಳು ನಾನೇ ಅಲ್ವಾ? ಅರ್ಧಕ್ಕೆ ಹಾಕ್ತೀನಿ."

ಮರುದಿನ ಬೇರೆ ಹಾಳೆಯಲ್ಲಿ ತನ್ನ ಕೈಯಿಂದಲೇ ಬರೆದು, ಕೆಳಗೆ ಜಾಗ ಬಿಟ್ಟು ಡಾಕ್ಟರ ಮುಂದೆ ಹಿಡಿದಳು. "ನನ್ನ ಪಾಲು ಬರ್ದಿದೀನಿ ಸಾರ್. ನಿಮ್ಮ ಪಾಲು ನೀವು ಬರೀರಿ. ಅಲ್ಲೀವರೆಗೂ ಇದು ಟೈಲರಮ್ಮನ ಮಗಳ ಹತ್ರ ಇರತ್ತೆ."

ಅವರು ಬರೆಯಲಿಲ್ಲ. ಇವಳನ್ನು ತೆಗೆಯುವ ಧೈರ್ಯವೂ ಬರಲಿಲ್ಲ. ಸಂಜೆಗೆ ಕಂಪ್ಯೂಟರಿನವನನ್ನು ಕರೆಸಿ ಎರಡನೆಯ ಹೆಸರು ತಮ್ಮದೇ ಹಾಕಿಸಿದರು.

ಮೊನ್ನೆ ಬಿ.ಪಿ. ತೋರಿಸಲು ಹೋಗಿದ್ದೆ. ಡಾಕ್ಟರ ಫೋನು ಕುಂಯ್ ಎಂದಿತು. ಅದನ್ನು ಮಗುಚಿಟ್ಟು ನನ್ನ ತೋಳಿಗೆ ಪಟ್ಟಿ ಸುತ್ತಲು ಬಂದರು. ನಾನು ಕೈ ಎಳೆದುಕೊಂಡೆ.

"ಮೊದ್ಲು ಅದನ್ನ ನೋಡಿ. ನನ್ನ ಬಿ.ಪಿ. ಹೇಗೂ ಏರಿದೆ."

ಅವರು ಯಾರಿಗೋ ಫೋನ್ ಮಾಡಿ, ಮುಗಿಯಿತು ಎಂದು ಒತ್ತುವವರೆಗೂ ನಾನು ತೋಳು ಕೊಡಲಿಲ್ಲ.