ನಲವತ್ತೆಂಟು ಅಂಕಿಯ ಬೀಗ

ಕಂಪ್ಯೂಟರ್ ಚಾಲೂ ಮಾಡಲು ನನಗೆ ಈಗ ಬರುವುದಿಲ್ಲ. ಸಾಗರದಲ್ಲಿ ಹದಿನೈದು ವರ್ಷ ಕಂಪ್ಯೂಟರ್ ಕ್ಲಾಸು ನಡೆಸಿದವನು ಹೀಗೆಂದರೆ ನೀವು ನಗಬಹುದು. ನಗಿ, ನನಗೂ ಈಗ ನಗು ಬರುತ್ತದೆ. ಕಳೆದ ತಿಂಗಳು ನಾಗರತ್ನ ಎದುರು ಕೂತಿದ್ದಾಗ ಮಾತ್ರ ಬಂದಿರಲಿಲ್ಲ.

ಕ್ಲಾಸಿನ ಆ ಕಾಲದಲ್ಲಿ ಯಂತ್ರವನ್ನು ಎಬ್ಬಿಸಲು ಒಂದು ಫ್ಲಾಪಿ ಸಾಕಿತ್ತು. ಅದರ ಮೊದಲ ಐನೂರ ಹನ್ನೆರಡು ಬೈಟುಗಳಷ್ಟು ಜಾಗದಲ್ಲಿ ಬೂಟ್‌ಲೋಡರ್ ಎಂಬ ಪುಟ್ಟ ಪ್ರೋಗ್ರಾಂ ಮುದುಡಿಕೊಂಡಿರುತ್ತಿತ್ತು. ತಾನು ಎದ್ದು ಉಳಿದವರನ್ನು ಎಬ್ಬಿಸುವುದಷ್ಟೇ ಅದರ ಕೆಲಸ. ಫ್ಲಾಪಿ ಕರಕರ ಎನ್ನುವಾಗ ಇಡೀ ಕ್ಲಾಸು ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಆಮೇಲೆ ಒಂದೇ ಯಂತ್ರದಲ್ಲಿ ಎರಡೆರಡು ಆಪರೇಟಿಂಗ್ ಸಿಸ್ಟಂ ಬಂದವು. ಯಾರನ್ನು ಎಬ್ಬಿಸಲಿ ಎಂದು ಬೂಟ್‌ಲೋಡರ್ ಪಟ್ಟಿ ಹಿಡಿದು ಕೇಳತೊಡಗಿತು. ಈಗಂತೂ ಏಳಲು ಬಂದ ಪ್ರತಿಯೊಂದು ಪ್ರೋಗ್ರಾಮಿನ ಸಹಿಯನ್ನೂ, ಅಂದರೆ ಅದನ್ನು ಮಾಡಿದವರ ಗುರುತನ್ನೂ, ತಾಳೆ ನೋಡುತ್ತದೆ. ಕಳ್ಳ ಪ್ರೋಗ್ರಾಂಗಳ ಕಾಟ ಹೆಚ್ಚಿದ ಮೇಲೆ ಅದನ್ನು ದೂರುವಂತೆಯೂ ಇಲ್ಲ.

ನಾಗರತ್ನ ಆ ಕ್ಲಾಸಿನಲ್ಲಿ ಕಲಿತವಳು. ಊರು ಮಾಸ್ತಿಕಟ್ಟೆಯ ಕಡೆ, ಈಗ ಹೊಸನಗರದಲ್ಲಿ ಡಿಟಿಪಿ ಅಂಗಡಿ. ಅಣೆಕಟ್ಟಿನ ನೀರಿನಡಿ ಹೋದ ಊರುಗಳಲ್ಲಿ ಯಾರ ಮನೆ ಎಲ್ಲಿತ್ತು, ಮನೆಗೆ ಏನೆಂದು ಹೆಸರಿತ್ತು ಎಂಬುದನ್ನು ಹಳಬರ ಬಾಯಿಂದ ಕೇಳಿ ಮೂರು ವರ್ಷದಿಂದ ಟೈಪ್ ಮಾಡುತ್ತಿದ್ದಳು. ಅದೆಲ್ಲ ಇದ್ದ ಲ್ಯಾಪ್‌ಟಾಪೇ ಏಳದೆ ಕೈಕೊಟ್ಟಿತ್ತು. ಅದನ್ನು ಹೊತ್ತು ಸಾಗರಕ್ಕೆ ನನ್ನ ಹತ್ತಿರ ಬಂದಿದ್ದಳು.

"ಗುರುತು ಹಾಕ್ಕೊಂಡ ಪುಸ್ತಕ ಇಲ್ವೇನೇ?" ಎಂದೆ.

"ಟೈಪ್ ಆಯ್ತಲ್ಲ ಅಂತ ರದ್ದಿಗೆ ಹಾಕ್ಬಿಟ್ಟೆ ಸರ್. ಮುಳುಗಿದ ಊರಿನ ಭರ್ಮಮ್ಮಜ್ಜಿ ಹೇಳಿದ್ದೆಲ್ಲ ಈ ಲ್ಯಾಪ್‌ಟಾಪಲ್ಲೇ ಐತಿ. ಅಜ್ಜಿ ಹೋದ ವರ್ಷ ತೀರ್ಕೊಂಡ್ರು."

ಹಳೆಯ ಮೇಷ್ಟ್ರ ಹುಮ್ಮಸ್ಸಿನಲ್ಲಿ ನಾನು ಸಹಿ ನೋಡುವ ವ್ಯವಸ್ಥೆಯನ್ನೇ ಬಂದ್ ಮಾಡಿ, ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿದೆ. ಯಂತ್ರವೇನೋ ಎದ್ದಿತು, ಅದರ ಡಿಸ್ಕು ತೆರೆಯಲಿಲ್ಲ. ನಲವತ್ತೆಂಟು ಅಂಕಿಗಳ ಕೀಲಿ ಕೊಡು ಎಂದಿತು. ಡಿಸ್ಕಿಗೆ ಬೀಗವಿದೆ ಎಂಬುದೇ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಹಿಂದಿನಂತೆ ಬೂಟ್ ಮಾಡಲು ಹೋದರೆ ಅಲ್ಲೂ ಅದೇ ಪ್ರಶ್ನೆ.

"ನಂಗೆ ಗೊತ್ತಾಗ್ತಿಲ್ಲ ನಾಗರತ್ನ," ಎಂದೆ. ಕ್ಲಾಸು ನಡೆಸಿದಷ್ಟೂ ವರ್ಷ ಈ ಮಾತನ್ನು ಆಡಿದವನಲ್ಲ ನಾನು.

ಅವಳು ಗಾಬರಿಯಾಗಲಿಲ್ಲ. ಮೊಬೈಲು ತೆಗೆದು ಆ ಪರದೆಯ ಬರಹವನ್ನೇ ಹುಡುಕಿ ಓದಿದಳು. "ಲ್ಯಾಪ್‌ಟಾಪ್ ತಗೊಂಡಾಗ ಇಂಟರ್ನೆಟ್ಟಲ್ಲಿ ಒಂದು ಖಾತೆ ಮಾಡಿದ್ದೆ ಸರ್. ಕೀಲಿ ಅದ್ರಲ್ಲಿ ಇರಬೋದಂತೆ." ಮರೆತ ಪಾಸ್‌ವರ್ಡು ಮೂರನೇ ಸಲಕ್ಕೆ ನೆನಪಾಯಿತು. ಕೀಲಿ ಅಲ್ಲಿತ್ತು. ಅವಳು ಒಂದೊಂದೇ ಅಂಕಿ ಓದಿದಳು, ನಾನು ಕೀ ಒತ್ತಿದೆ. ಎಲ್ಲೋ ಬೆರಳು ತಪ್ಪಿತು.

"ನಿಧಾನ ಸರ್, ಆರಾರು ಅಂಕಿ ಹೇಳ್ತೀನಿ," ಎಂದಳು. ಒಂದು ಕಾಲದಲ್ಲಿ ನಾನು ಅವಳಿಗೆ ಹೇಳುತ್ತಿದ್ದ ದನಿಯಲ್ಲೇ.

ಎರಡನೆಯ ಸಲ ತೆರೆಯಿತು. ನಾಗರತ್ನ ಮೊದಲು ಭರ್ಮಮ್ಮಜ್ಜಿಯ ಪುಟ ಹುಡುಕಿದಳು. 'ಹೊಳೆಯಿಂದ ಮೂರನೇ ಮನೆ ನಮ್ದು, ಬಾಗ್ಲಲ್ಲಿ ಕೂತ್ರೆ ದೋಣಿ ಕಾಣ್ತಿತ್ತು' ಎಂಬ ಸಾಲನ್ನು ಗಟ್ಟಿಯಾಗಿ ಓದಿ, ಕಣ್ಣೊರೆಸಿಕೊಂಡಳು.

ಅಂದು ಸಂಜೆಯೇ ಎಲ್ಲವನ್ನೂ ಎರಡು ಪ್ರತಿ ಪ್ರಿಂಟ್ ತೆಗೆದೆವು. "ಇದೊಂದು ನಿಮ್ಮ ಹತ್ರ ಇರ್ಲಿ ಸರ್," ಎಂದು ಒಂದನ್ನು ನನ್ನ ಕೈಗಿತ್ತು ಬಸ್ಸು ಹತ್ತಿದಳು. ಮನೆಗೆ ಬಂದು ಜಗಲಿಯಲ್ಲಿ ಕೂತು ಮೊದಲ ಪುಟ ಮಗುಚಿದೆ. ಅದು ನನ್ನನ್ನು ಯಾರೆಂದು ಕೇಳಲಿಲ್ಲ.