ಸಣ್ಣವ್ವನ ವೋಟು

ನನ್ನ ಸಣ್ಣವ್ವನ ವೋಟನ್ನು ನಾನು ಕದ್ದೆ. ಯಾವ ಪಕ್ಷಕ್ಕಾಗಿಯೂ ಅಲ್ಲ — ಹಾಗಿದ್ದರೆ ಅದು ಒಬ್ಬರಿಗಾದರೂ ಉಪಯೋಗವಾಗುತ್ತಿತ್ತು. ನನ್ನ ಸಿಟ್ಟಿಗಾಗಿ ಕದ್ದೆ.

ಮಸ್ಕಿಯಲ್ಲಿ ನನ್ನದು ಟೇಲರ್ ಅಂಗಡಿ. ಚುನಾವಣೆ ಬಂದರೆ ಎಲ್ಲ ರಾಷ್ಟ್ರೀಯ ಪಕ್ಷಗಳ ಶಾಲುಗಳಿಗೂ ಒಂದೇ ಮಷೀನಿನಲ್ಲಿ ಅಂಚು ಹೊಲಿಯುವವನು ನಾನು. ಹಿಂದಿನ ಸಲ ಒಂದು ಬಣ್ಣದ ಶಾಲು ಹೊದ್ದು ಕೈಮುಗಿದ ಮುಖಂಡ ಈ ಸಲ ಇನ್ನೊಂದು ಬಣ್ಣದಲ್ಲಿ ಬಂದು ‘ನಮ್ಮ ಸಿದ್ಧಾಂತ’ ಎಂದಿದ್ದ. ಒಂದು ಪಕ್ಷ ನಮ್ಮಜ್ಜನಿಗೆ ಮಾಡಿದ ಉಪಕಾರ ನೆನಪಿಸುತ್ತದೆ, ಇನ್ನೊಂದು ಮೊಮ್ಮಕ್ಕಳಿಗೆ ಸ್ವರ್ಗ ತೋರಿಸುತ್ತದೆ. ನಡುವೆ ಉಸಿರಾಡುತ್ತಿರುವ ನಾನು ಯಾರ ಭಾಷಣದಲ್ಲೂ ಇಲ್ಲ. ಹೀಗೆಲ್ಲ ಹೇಳಿ ಅಂಗಡಿಗೆ ಬಂದವರನ್ನು ನಗಿಸುತ್ತಿದ್ದೆ. ನಗಿಸುತ್ತಲೇ, ಇವರೆಲ್ಲರಿಗಿಂತ ನಾನೇ ಬುದ್ಧಿವಂತ ಎಂಬ ಹಮ್ಮು ಬೆಳೆದಿತ್ತು — ಅದು ನನಗೆ ಗೊತ್ತೇ ಆಗಲಿಲ್ಲ.

ಸಂತೆಕಲ್ಲೂರಿನ ಸಣ್ಣವ್ವ, ನೀಲವ್ವ, ನನ್ನ ತಾಯಿಯ ತಂಗಿ. ಗಂಡ ತೀರಿದ ಮೇಲೆ ಎರಡೂ ಕಣ್ಣು ಹೋಗಿದ್ದವು, ಮಕ್ಕಳಿರಲಿಲ್ಲ. ಮತದಾನಕ್ಕೆ ಮೊದಲು ಫೋನ್ ಮಾಡಿಸಿದಳು: “ನೀನs ಬಾ ಎಪ್ಪಾ. ಬ್ಯಾರೇದವ್ರು ತಮಗ ಬೇಕಾದ್ದು ಒತ್ತಿ ಬರ್ತಾರ.”

ಮತದಾನದ ದಿನ ಬೆಳಿಗ್ಗೆ ಮಸ್ಕಿಯಲ್ಲಿ ನನ್ನ ಮತವನ್ನು ನೋಟಾಕ್ಕೆ ಒತ್ತಿ, ಅವಳ ಊರಿಗೆ ಹೋದೆ. ಮತಗಟ್ಟೆಯಲ್ಲಿ ಅಧಿಕಾರಿ, ಕಣ್ಣಿಲ್ಲದವರ ಜೊತೆ ಬಂದವರು ಅವರು ಹೇಳಿದ್ದಕ್ಕೇ ಒತ್ತಬೇಕು, ಹೊರಗೆ ಯಾರಿಗೂ ಹೇಳಬಾರದು ಎಂದರು. ಒಪ್ಪಿ ಸಹಿ ಮಾಡಿದೆ. ಮರೆಯಲ್ಲಿ ಸಣ್ಣವ್ವ ನನ್ನ ಕಿವಿಗೆ ಬಾಯಿಟ್ಟು ಒಂದು ಪಕ್ಷದ ಹೆಸರು ಹೇಳಿದಳು. ನಾನು ದಿನವೂ ನಗೆಯಾಡುತ್ತಿದ್ದ ಪಕ್ಷಗಳಲ್ಲೊಂದು. ಬೆರಳು ಆ ಗುಂಡಿಯವರೆಗೂ ಹೋಗಿತ್ತು. ಆಮೇಲೆ — ಏನೆನ್ನಲಿ — ಇವಳಿಗೇನು ತಿಳಿದೀತು ಅನ್ನಿಸಿತು. ಬೆರಳು ಕೆಳಗಿಳಿದು ನೋಟಾ ಒತ್ತಿತು. ಮಷೀನು ಕುಂಯ್ ಎಂದಿತು.

“ಒತ್ತಿದೇನು?”

“ಒತ್ತೀನಿ ಸಣ್ಣವ್ವ.”

“ನಾ ಹೇಳಿದ್ದಕ್ಕs?”

“ಹೂಂ.”

ಒಂದೇ ದಿನ ಎಲ್ಲ ಪಕ್ಷಗಳಿಗೂ ಎರಡೆರಡು ಸಲ ಬುದ್ಧಿ ಕಲಿಸಿದೆ ಎಂದು ದಾರಿಯುದ್ದಕ್ಕೂ ಒಳಗೇ ನಕ್ಕೆ. ಆ ನಗೆಯೇ ಈಗ ಹೆಚ್ಚು ಚುಚ್ಚುತ್ತದೆ.

ಅವಳ ಪಕ್ಷದವನು ಗೆದ್ದ. ಅವಳು ಓಣಿಯವರ ಬಾಯಿಗೆಲ್ಲ ಸಕ್ಕರೆ ಹಾಕಿ, ತಡಕಾಡಿ ನನ್ನ ಬಾಯಿಗೂ ಹಾಕಿದಳು. “ನಮ್ಮಿಬ್ಬರ ಕೈಲೆ ಗೆದ್ದಾನ ನೋಡು!” ನಾನು ಆ ಸಕ್ಕರೆ ನುಂಗಿದೆ.

ಕೆಲವು ವರ್ಷ ಸುಮ್ಮನಿದ್ದೆ. ಮುಂದಿನ ಚುನಾವಣೆ ಹತ್ತಿರ ಬಂದಾಗ ಅವಳನ್ನು ಸಿಂಧನೂರಿನ ದವಾಖಾನೆಗೆ ತೋರಿಸಿ ಬಸ್ಸಿನಲ್ಲಿ ಕರೆತರುತ್ತಿದ್ದೆ. ಪಕ್ಕದ ಹೆಂಗಸು ನನ್ನನ್ನು ಯಾರೆಂದು ಕೇಳಿದಳು. “ನಮ್ಮಕ್ಕನ ಮಗ. ಊರೆಲ್ಲಾ ಸುಳ್ಳಾಡಿದ್ರೂ ಇಂವ ಆಡಂಗಿಲ್ಲ,” ಎಂದಳು ಸಣ್ಣವ್ವ. ನನಗೆ ಕೂರಲಾಗಲಿಲ್ಲ. ಮಸ್ಕಿಯಲ್ಲಿ ಇಳಿದು, ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಎಲ್ಲ ಹೇಳಿಬಿಟ್ಟೆ.

ಬೈಯಲಿಲ್ಲ. ಮೆಲ್ಲಗೆ ಅಂದಳು: “ನಿಮ್ಮ ಕಾಕ ಇರೂತನಕ ಇಂಥಾದ್ದಕ್ಕs ಒತ್ತು ಅಂತ ಹೇಳೇ ಕಳಸತಿದ್ದ. ಹೂಂ ಅಂದು, ಒಳಗ ಹೋಗಿ ನನಗ ಬೇಕಾದ್ದು ಒತ್ತತಿದ್ದೆ. ಹೊಲ ಮಾರೂದು, ಮನಿ ಕಟ್ಟೂದು, ಯಾವುದಕ್ಕೂ ನನ್ನ ಕೇಳಿದ್ದಿಲ್ಲಪಾ. ಅದೊಂದs ನಂದಿತ್ತು.”

ಆಮೇಲೆ ಕೇಳಿದಳು: “ಎಲ್ಲಾ ಪಾರ್ಟಿಯವ್ರೂ ಮಂದೀಗೆ ಮೋಸ ಮಾಡ್ತಾರ ಅಂತಿದ್ದಿಯಲ್ಲಾ — ಹಂಗಾರ ನೀ ಯಾವ ಪಾರ್ಟಿಯಾಂವಲೇ?”

ಪ್ರತಿ ಪಕ್ಷಕ್ಕೂ ಒಂದು ನಗೆಮಾತು ಇಟ್ಟುಕೊಂಡಿದ್ದ ನಾನು ಅವಳ ಕೈಹಿಡಿದು ಸಂತೆಕಲ್ಲೂರಿನ ಬಸ್ಸು ಹತ್ತಿಸಿದೆ.

ಆ ಸಲದ ಮತದಾನದ ದಿನ ನಾನೇ ಆಟೋ ಮಾಡಿಕೊಂಡು ಅವಳ ಊರಿಗೆ ಹೋದೆ. ಅವಳ ಪಕ್ಕದ ಮನೆಯ ಸೊಸೆ ರೇಣುಕಾ ಜೊತೆಗಿದ್ದಳು. ಮತಗಟ್ಟೆಯಿದ್ದ ಶಾಲೆಯ ಗೇಟಿನವರೆಗೆ ಸಣ್ಣವ್ವ ನನ್ನ ತೋಳು ಹಿಡಿದೇ ನಡೆದಳು. ಅಲ್ಲಿ ನಿಂತು, ನನ್ನ ತೋಳು ಬಿಟ್ಟು, ರೇಣುಕಾಳ ತೋಳನ್ನು ಹುಡುಕಿ ಹಿಡಿದುಕೊಂಡಳು.