ಹತ್ತೊಂಬತ್ತು ಗ್ರಾಂ

ನಮ್ಮ ಪಕ್ಕದ ಮನೆಯಲ್ಲಿ ಮೂವತ್ತು ವರ್ಷ ವಾಸವಾಗಿದ್ದವರನ್ನು ಬೀದಿಯವರೆಲ್ಲ ತಕ್ಕಡಿಯಣ್ಣ ಎಂದೇ ಕರೆಯುತ್ತಿದ್ದರು. ತೂಕದ ಯಂತ್ರಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸಿ, ಕೆಟ್ಟಿದ್ದರೆ ರಿಪೇರಿ ಮಾಡುವುದು ಅವರ ಕಸುಬು. ಬೆಳಿಗ್ಗೆ ಲಾರಿ ತೂಗುವ ವೇಬ್ರಿಡ್ಜಿನ ಕೆಳಗೆ ಮಲಗಿ ಮೈಗೆಲ್ಲ ಗ್ರೀಸ್ ಮೆತ್ತಿಕೊಂಡವರು, ಮಧ್ಯಾಹ್ನ ಕೈ ತೊಳೆದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದರು.

"ಲಾರಿ ತೂಗ್ತಾರಂತೆ, ಚಿನ್ನ ತೂಗ್ತಾರಂತೆ. ಅಡಿಗೆಗೆ ಉಪ್ಪೆಷ್ಟು ಅಂತ ಮಾತ್ರ ಗೊತ್ತಾಗಲ್ಲ!" ಎಂದು ಅವರ ಹೆಂಡತಿ ನಮಗೂ ಕೇಳುವಂತೆ ಹಂಗಿಸುತ್ತಿದ್ದರು.

"ಉಪ್ಪಿಗೆ ನಿನ್ನ ಕೈಯೇ ತಕ್ಕಡಿ ಕಣೇ. ಅದನ್ನ ರಿಪೇರಿ ಮಾಡೋ ಧೈರ್ಯ ನನಗಿಲ್ಲ."

ಒಮ್ಮೆ ರಜೆಯ ದಿನ ನನ್ನನ್ನು ವೇಬ್ರಿಡ್ಜಿಗೆ ಕರೆದೊಯ್ದರು. ನಲವತ್ತು ಟನ್ನಿನ ಲಾರಿ ಕಬ್ಬಿಣದ ಹಾಸಿನ ಮೇಲೇರಿ ನಿಂತಾಗ ನೆಲವೇ ನಿಟ್ಟುಸಿರಿಟ್ಟಂತಾಯಿತು. ಅದು ಇಳಿದು ಹೋದ ಮೇಲೆ ಅವರು ತಮ್ಮ ಊಟದ ಡಬ್ಬಿಯನ್ನು ಆ ಹಾಸಿನ ನಡುವೆ ಇಟ್ಟರು. ಪಕ್ಕದ ತೂಕದ ಕೋಣೆಯ ಕಿಟಕಿಯೊಳಗಿನ ಅಂಕಿ ಸೊನ್ನೆಯಿಂದ ಅಲುಗಲಿಲ್ಲ.

"ನೋಡಿದ್ರಾ ಮೇಷ್ಟ್ರೇ? ಇದರ ಪಾಲಿಗೆ ನನ್ನ ಊಟ ಇಲ್ಲವೇ ಇಲ್ಲ."

ಆಮೇಲೆ ಯಂತ್ರದ ಬದಿಯ ತಗಡನ್ನು ತೋರಿಸಿದರು. ಅದರ ಮೇಲೆ ಎರಡು ಇಂಗ್ಲಿಷ್ ಪದಗಳಿದ್ದವು. ಮ್ಯಾಕ್ಸಿಮಮ್, ಅದರ ಮುಂದೆ ಅರವತ್ತು ಟನ್. ಮಿನಿಮಮ್, ಅದರ ಮುಂದೆ ನಾನೂರು ಕಿಲೋ. ಗರಿಷ್ಠ, ಕನಿಷ್ಠ ಎಂದು ಅರ್ಥ ಬರೆಸಿ ಪಾಠ ಮುಗಿಸುತ್ತಿದ್ದವನು ನಾನು. ಅವರು ಹೇಳಿದ ಅರ್ಥ ನನ್ನ ಯಾವ ನಿಘಂಟಿನಲ್ಲೂ ಇರಲಿಲ್ಲ.

"ಎಷ್ಟು ತಡ್ಕೊಳ್ಳುತ್ತೆ ಅಂತ ಎಲ್ಲರೂ ಓದ್ತಾರೆ. ಎಷ್ಟಕ್ಕಿಂತ ಕಮ್ಮಿಯಾದ್ರೆ ಇದರ ಮಾತು ನಂಬಬಾರದು ಅನ್ನೋದನ್ನ ಯಾರೂ ಓದಲ್ಲ."

ಆ ಮಾತನ್ನು ಆಗ ಕೇಳಿ ಮರೆತೆ. ಎರಡು ವರ್ಷದ ನಂತರ ನನ್ನ ಮಗಳು ಏಳು ತಿಂಗಳಿಗೇ ಹೆತ್ತಳು. ಒಂದು ಮೊಳವೂ ಇಲ್ಲದ ಹೆಣ್ಣುಕೂಸು. ನಮ್ಮದು ಸಣ್ಣ ಆಸ್ಪತ್ರೆ. ಇಂಥ ಕೂಸುಗಳನ್ನು ತೂಗುವ ಸೂಕ್ಷ್ಮ ಯಂತ್ರ ಕೆಟ್ಟು, ಬಿಡಿಭಾಗಕ್ಕಾಗಿ ಕಾಯುತ್ತಿತ್ತು. ಉಳಿದಿದ್ದ ಹಳೆಯ ತಕ್ಕಡಿಯ ಮುಳ್ಳು ಎರಡು ದಿನದಿಂದ ಸಾವಿರದ ಇನ್ನೂರೈವತ್ತು ಗ್ರಾಮಿನ ಗೆರೆಯಲ್ಲೇ ಕೂತಿತ್ತು.

"ಹಾಲೇನೋ ಹೊಟ್ಟೆಗೆ ಇಳೀತಿದೆ. ತೂಕ ಏರ್ತಿದೆಯಾ ಅಂತ ಗೊತ್ತಾಗ್ತಿಲ್ಲ. ನಾಳೆ ಬೆಳಿಗ್ಗೆವರೆಗೂ ನೋಡೋಣ. ಏರದಿದ್ರೆ ದೊಡ್ಡ ಆಸ್ಪತ್ರೆಗೆ ಕಳಿಸಲೇಬೇಕು," ಎಂದರು ಡಾಕ್ಟರಮ್ಮ. ಅದು ನಾಲ್ಕು ಗಂಟೆಯ ದಾರಿ. ಆ ದಾರಿಯನ್ನು ಕೂಸು ತಡೆದೀತೇ ಎಂಬುದೇ ನಮ್ಮ ಭಯ.

ಸುದ್ದಿ ತಿಳಿದು ತಕ್ಕಡಿಯಣ್ಣ ಆ ಬೆಳಿಗ್ಗೆಯೇ ಬಂದರು. ಕೂಸನ್ನು ನೋಡುವುದಕ್ಕೂ ಮೊದಲು ತಕ್ಕಡಿಯ ತಗಡನ್ನು ಓದಿದರು.

"ಡಾಕ್ಟರಮ್ಮ, ಇದಕ್ಕೆ ಕಿವಿ ಮಂದ. ಐವತ್ತು ಗ್ರಾಂ ಏರೋವರೆಗೂ ಬಾಯಿ ಬಿಡಲ್ಲ."

"ಗೊತ್ತು. ಆದ್ರೆ ಇರೋದು ಇದೊಂದೇ."

"ನನ್ನ ಹತ್ರ ಇನ್ನೊಂದಿದೆ. ಒಂದೊಂದು ಗ್ರಾಮೂ ಹೇಳುತ್ತೆ."

ಗಂಟೆಯೊಳಗೆ ತಂದು, ಸ್ಪಿರಿಟ್ಟಿನಿಂದ ಒರೆಸಿ, ಮಟ್ಟ ನೋಡಿ ಇಟ್ಟರು. ಮಖಮಲ್ಲಿನ ಪೆಟ್ಟಿಗೆಯಿಂದ ಹಿತ್ತಾಳೆಯ ತೂಕದ ಕಲ್ಲುಗಳನ್ನು ಚಿಮಟದಿಂದ ಎತ್ತಿ, ಅದು ನಿಜ ಹೇಳುತ್ತದೆಯೇ ಎಂದು ಪರೀಕ್ಷಿಸಿದರು. ನಾನು ಕೈ ಚಾಚಿದೆ.

"ಮುಟ್ಟಬೇಡಿ ಮೇಷ್ಟ್ರೇ! ಬೆರಳಿನ ಜಿಡ್ಡಿಗೂ ತೂಕ ಇರುತ್ತೆ."

ಬೆಚ್ಚಗಿನ ಬಟ್ಟೆ ಹಾಸಿ, ಅಂಕಿಯನ್ನು ಸೊನ್ನೆಗೆ ತಂದು, ಕೂಸನ್ನು ಮಲಗಿಸಿದರು. ಅದು ಕೈಕಾಲು ಆಡಿಸಿದಂತೆಲ್ಲ ಅಂಕಿಗಳು ಕುಣಿದವು. ಹೆಬ್ಬೆರಳಿನಷ್ಟು ಪಾದ ಒದ್ದರೂ ಆ ಯಂತ್ರಕ್ಕೆ ತಿಳಿಯುತ್ತಿತ್ತು! ಕೂಸು ಸುಮ್ಮನಾದ ಒಂದು ಕ್ಷಣದಲ್ಲಿ ಅಂಕಿಯೂ ನಿಂತಿತು: ೧೨೫೮.

"ನಾಳೆಯೂ ಇದೇ ಹೊತ್ತು, ಇದೇ ಬಟ್ಟೆ, ಹಾಲಿಗೆ ಮುಂಚೆ," ಎಂದು ಹೇಳಿ ಹೋದರು.

ಮರುದಿನ ಬೆಳಿಗ್ಗೆ ಅಂಕಿ ೧೨೮೯ರಲ್ಲಿ ನಿಂತಿತು. ನನ್ನ ಮಗಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತೇಬಿಟ್ಟಳು. ತಕ್ಕಡಿಯಣ್ಣ ಮಾತ್ರ ಅಡ್ಡಡ್ಡ ತಲೆಯಾಡಿಸಿದರು.

"ಟೋಪಿ ಇದೆಯಮ್ಮ. ನಿನ್ನೆ ಇರಲಿಲ್ಲ."

"ಇರಲಿ ಬಿಡಿ ಮಾಮ," ಎಂದಳು ಅವಳು, ಬೇಡುವವಳಂತೆ.

"ಕೂಸು ಬೆಳೆದಿದ್ದು ಬೇಕಮ್ಮ ನಮಗೆ. ಉಣ್ಣೆ ಬೆಳೆದಿದ್ದಲ್ಲ."

ನರ್ಸು ಟೋಪಿ ತೆಗೆದಳು. ಅಂಕಿ ಜಾರಿತು. ೧೨೮೦, ೧೨೭೩, ಮತ್ತೆ ಮೇಲೆ. ಕೊನೆಗೆ ನಿಂತದ್ದು ೧೨೭೭.

ಡಾಕ್ಟರಮ್ಮ ಬೆರಳು ಮಡಿಸಿ ನಿನ್ನೆಯ ತೂಕ ಕಳೆದರು. "ಹತ್ತೊಂಬತ್ತು ಗ್ರಾಂ. ಒಂದು ದಿನಕ್ಕೆ ಧಾರಾಳ ಸಾಕು. ಎಲ್ಲಿಗೂ ಹೋಗೋದು ಬೇಡ, ಇಲ್ಲೇ ಇರಲಿ."

ನಲವತ್ತು ಟನ್ ಲಾರಿಯ ಅಂಕಿಯನ್ನೂ ನಾನು ಅಷ್ಟು ಸಲ ಓದಿರಲಿಲ್ಲ.

"ಹತ್ತೊಂಬತ್ತು ಗ್ರಾಂ ಅಂದ್ರೆ ಎಷ್ಟಿರುತ್ತೆ ಮಾಮ?" ಎಂದು ಮಗಳು ಕೇಳಿದಳು.

ಅವರು ಪೆಟ್ಟಿಗೆ ತೆರೆದರು. ಹತ್ತರದೊಂದು, ಐದರದೊಂದು, ಎರಡರವು ಎರಡು, ಚಿಮಟದಲ್ಲಿ ಒಂದೊಂದಾಗಿ ಎತ್ತಿ, ಅವಳ ಬರಿಯ ಅಂಗೈ ಮೇಲೆ ಇಟ್ಟರು. ಮೂವತ್ತು ವರ್ಷದಲ್ಲಿ ಆ ಕಲ್ಲುಗಳನ್ನು ಬರಿಗೈ ಮುಟ್ಟಿದ್ದು ಬಹುಶಃ ಅದೇ ಮೊದಲು.

"ಜಿಡ್ಡಾಗುತ್ತಲ್ಲ!" ಎಂದೆ.

"ಆಗಲಿ ಮೇಷ್ಟ್ರೇ. ಮತ್ತೆ ಪರೀಕ್ಷೆಗೆ ಕಳಿಸಿದ್ರಾಯ್ತು."

ಮಗಳು ಮುಷ್ಟಿ ಮಡಿಚಿಕೊಂಡಳು. ಅವರಿಗೆ ವೇಬ್ರಿಡ್ಜಿಗೆ ಹೊತ್ತಾಗಿತ್ತು. ಆದರೂ ಅವಳು ತಾನಾಗಿ ಕೈ ಬಿಡಿಸುವವರೆಗೆ ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡು ನಿಂತೇ ಇದ್ದರು.